ಬೇಸಿಗೆಯ ಬುತ್ತಿ ಮತ್ತು ಲಕ್ಕಮ್ಮನ ಅಳತೆ



ಶಾಲೆಗಳಿಗೆ ರಜೆ ಬಂದಿತೆಂದರೆ ಮನೆಮನೆಯಲ್ಲಿಯೂ ಮಕ್ಕಳದು ಒಂದೇ ಹಟ, ಎಲ್ಲಿಗಾದರೂ ಹೋಗೋಣವೆಂದು. ಇಂಥ ಹೋಗುವಿಕೆಯನ್ನು ಗ್ರಂಥಗಳು ವನಭೋಜನವೆಂದು ಕರೆದವು. ನಮ್ಮ ಕಡೆಯ ಒಕ್ಕಲು ಮಕ್ಕಳು ಬುತ್ತಿ ಕಟ್ಟಿಕೊಂಡು ಹೋಗುವುದೆಂದರು. ಇಂದಿನ ಮಕ್ಕಳು ಪಿಕ್ನಿಕ್ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಮನೆಯ ಹೊರಗೆ ಬಯಲಿನಲ್ಲಿ ಎಲ್ಲರೂ ಒಂದು ಸಾಲಿನಲ್ಲಿ ಕುಳಿತು ಉಣ್ಣುವ ಸುಖವು ಒಂದೇ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ ಪಲ್ಲೆ ಉಂಡು ಬರುವ ಪದ್ಧತಿ ನಮ್ಮಲ್ಲಿ ಬಹಳ ಹಿಂದಿನಿಂದ ಬಂದದ್ದು. ಆದರೆ ಅದು ಚಳಿಗಾಲದ ಮಾತು. ಆಗ ಬಿಸಿಲು ಹಿತವಾಗಿರುತ್ತದೆ, ಅಡಿಗೆ ಕೆಡುವುದಿಲ್ಲ, ನೀರಿನ ಚಿಂತೆಯೂ ಅಷ್ಟಿಲ್ಲ. ಚೈತ್ರ ವೈಶಾಖಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲು ೪೦ ಡಿಗ್ರಿಯನ್ನು ದಾಟಿ ನಿಂತಾಗ ಬುತ್ತಿ ಕಟ್ಟುವುದು ಬೇರೆಯೇ ವಿದ್ಯೆ. ಅದರ ಕುರಿತು ನಾಲ್ಕು ಮಾತುಗಳನ್ನು, ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಒಂದು ದಿನದ ಪ್ರವಾಸವನ್ನೇ ನಿಮಿತ್ತವಾಗಿಟ್ಟುಕೊಂಡು ಇಲ್ಲಿ ನಿವೇದಿಸುತ್ತೇನೆ.

ಈ ಸೀಮೆಗೆ ಶಾಸನಗಳಲ್ಲಿ ಎಡೆದೊರೆನಾಡು ಎಂದು ಹೆಸರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಹೊಳೆಗಳ ನಡುವಿನ ನಾಡಾದರೂ ಬೇಸಿಗೆಯಲ್ಲಿ ಇಲ್ಲಿ ಒಂದು ಕೊಡ ನೀರಿನ ಬೆಲೆ ಏನೆಂಬುದನ್ನು ಬಲ್ಲವರೇ ಬಲ್ಲರು. ೧೯೫೩ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ, ಎಡದಂಡೆ ಕಾಲುವೆಯು ಕೊಪ್ಪಳ ಸೀಮೆಯನ್ನು ಹಾಯ್ದು ಸಿಂಧನೂರಿನ ಕಡೆಗೆ ಹರಿದು ಬಂದಿತು. ಜೋಳ ಹತ್ತಿಗಳ ಎರೆಭೂಮಿ ಭತ್ತದ ಗದ್ದೆಯಾಯಿತು. ಹೊರಗಿನಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೂ ಈ ತಾಲ್ಲೂಕಿನಲ್ಲಿಯೇ ನೆಲೆ ದೊರೆಯಿತು. ಸಿಂಧನೂರನ್ನು ಬಿಟ್ಟು ಮಸ್ಕಿಯ ಕಡೆಗೆ ಸಾಗಿದಂತೆ ಹಸಿರು ತೆಳುವಾಗುತ್ತ ಹೋಗಿ, ಬಂಡೆಗಳ ಗುಡ್ಡಗಳು ತಲೆ ಎತ್ತುತ್ತವೆ. ಜೇವರ್ಗಿಯಿಂದ ಚಾಮರಾಜನಗರದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಈ ಮೂರೂ ಊರುಗಳು ಒಂದೇ ದಾರದಲ್ಲಿ ಪೋಣಿಸಿದಂತೆ ಇವೆ. ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಸುಮಾರು ಮೂವತ್ತು ಮೂವತ್ತು ಕಿಲೋಮೀಟರುಗಳ ಅಂತರ. ಆದ್ದರಿಂದ ಒಂದು ದಿನಕ್ಕೆ ಹಿಡಿಸುವ ದಾರಿ ಇದು.

ಯಾವ ಪ್ರವಾಸಕ್ಕೂ ಮೊದಲು ಮಾಡಬೇಕಾದದ್ದು ಹೊತ್ತಿನ ನಿರ್ಣಯ. ಬೇಸಿಗೆಯಲ್ಲಿ ಹಗಲು ಹನ್ನೆರಡರಿಂದ ನಾಲ್ಕರವರೆಗಿನ ವೇಳೆಯನ್ನು ನೆರಳಿಗೆ ಒಪ್ಪಿಸಿಬಿಡಬೇಕು. ಮಿಕ್ಕ ವೇಳೆಯಲ್ಲಿ ಮಾತ್ರ ತಿರುಗಾಟ. ಹಾಗಾದರೆ ಸಿಂಧನೂರನ್ನು ಬೆಳಗಿನ ಐದಕ್ಕೆ ಬಿಡಬೇಕು. ಆರರ ಸುಮಾರಿಗೆ ಮಸ್ಕಿಯನ್ನು ತಲುಪಬೇಕು. ಬಂಡೆಗಳು ಕಾಯುವ ಮೊದಲೇ, ಎಂದರೆ ಎಂಟೂವರೆಯೊಳಗೆ, ಬೆಟ್ಟವನ್ನು ಇಳಿದಿರಬೇಕು. ಏಳಕ್ಕೆ ಎದ್ದು, ಒಂಬತ್ತಕ್ಕೆ ಹೊರಟು, ಹನ್ನೊಂದಕ್ಕೆ ಬೆಟ್ಟ ಹತ್ತುವ ಕುಟುಂಬಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಅರ್ಧ ಮೆಟ್ಟಿಲಿನಲ್ಲಿ ಮಕ್ಕಳು ಅಳತೊಡಗುತ್ತವೆ, ಹಿರಿಯರ ಮುಖ ಕೆಂಪೇರುತ್ತದೆ, ಮಧ್ಯಾಹ್ನಕ್ಕೆಂದು ತಂದ ನೀರು ಅಲ್ಲಿಯೇ ಮುಗಿದುಹೋಗುತ್ತದೆ.

ಮಸ್ಕಿಯ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ಸನ್ನಿಧಿ ಇದೆ. ಅದೇ ಬೆಟ್ಟದ ಬಂಡೆಯೊಂದರ ಮೇಲೆ ಜಗತ್ತೇ ತಿರುಗಿ ನೋಡಿದ ಬರಹವಿದೆ. ೧೯೧೫ರಲ್ಲಿ ಚಿನ್ನದ ನಿಕ್ಷೇಪಗಳನ್ನು ಹುಡುಕುತ್ತ ಈ ಸೀಮೆಯಲ್ಲಿ ಅಲೆಯುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅದು ಬಿದ್ದಿತು. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಮೌರ್ಯ ಅಶೋಕನ ಶಾಸನವದು. ಅದಕ್ಕೆ ಮೊದಲು ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಅವು ಅಶೋಕನವೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರೂ, ಕಲ್ಲಿನ ಮೇಲೆಯೇ ಅಶೋಕನೆಂಬ ಹೆಸರು ಕಂಡದ್ದು ಮಸ್ಕಿಯಲ್ಲಿ ಮೊದಲು. ಮುಂದೆ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ ಆ ಹೆಸರು ದೊರೆಯಿತು. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಉನ್ನತಿಯನ್ನು ಪಡೆಯಬಲ್ಲನು, ಅದು ದೊಡ್ಡವರಿಗೆ ಮಾತ್ರ ಮೀಸಲಾದದ್ದಲ್ಲ ಎಂಬುದು ಆ ಶಾಸನದ ತಾತ್ಪರ್ಯಗಳಲ್ಲಿ ಒಂದು. ಮಕ್ಕಳಿಗೆ ಇಷ್ಟನ್ನು ಅಲ್ಲಿಯೇ ನಿಲ್ಲಿಸಿ ಹೇಳಿದರೆ ಪಾಠಪುಸ್ತಕದ ಒಂದು ಅಧ್ಯಾಯಕ್ಕೆ ಜೀವ ಬರುತ್ತದೆ. ೧೯೫೪ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಿಂದ, ಅಶೋಕನಿಗಿಂತ ಬಹಳ ಹಿಂದೆಯೇ, ಕಲ್ಲಿನ ಜೊತೆಗೆ ತಾಮ್ರವನ್ನೂ ಬಳಸುತ್ತಿದ್ದ ಜನರು ಇಲ್ಲಿ ವಾಸವಾಗಿದ್ದರೆಂಬುದು ತಿಳಿದುಬಂದಿದೆ.

ಬಂಡೆಯನ್ನು ಮುಟ್ಟಿ ತಿಕ್ಕುವುದು, ಸೀಮೆಸುಣ್ಣದಿಂದ ಅಕ್ಷರಗಳನ್ನು ತೀಡುವುದು, ಪಕ್ಕದಲ್ಲಿ ತಮ್ಮ ಹೆಸರನ್ನು ಕೊರೆಯುವುದು ಇವೆಲ್ಲ ೧೯೫೮ರ ಸ್ಮಾರಕ ಸಂರಕ್ಷಣಾ ಕಾಯಿದೆಯಂತೆ ಶಿಕ್ಷಾರ್ಹ ಅಪರಾಧಗಳು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮಿಕ್ಕು ಮಳೆಬಿಸಿಲುಗಳನ್ನು ತಾಳಿಕೊಂಡ ಅಕ್ಷರವು ನಮ್ಮ ಒಂದು ಗಳಿಗೆಯ ಉತ್ಸಾಹಕ್ಕೆ ಬಲಿಯಾಗಬಾರದು. ಅಂತೆಯೇ ಗುಡ್ಡದಲ್ಲಿ ಒಲೆ ಹೂಡಬಾರದು. ಬೇಸಿಗೆಯ ಒಣ ಹುಲ್ಲಿಗೆ ಒಂದು ಕಿಡಿ ಸಾಕು. ಬಂಡೆಗಳ ಸಂದಿಯಲ್ಲಿ ಹೆಜ್ಜೇನು ಕಟ್ಟಿದ್ದರೆ ಹೊಗೆಯಿಂದ ಅವು ಕೆರಳಿ ಎಲ್ಲರನ್ನೂ ಅಟ್ಟಿಸಿಕೊಂಡು ಬರುತ್ತವೆ. ಮೊಣಕಾಲು ನೋವಿನ ಹಿರಿಯರು ಬುಡದಲ್ಲಿಯೇ ನೆರಳು ನೋಡಿ ಕುಳಿತುಕೊಳ್ಳಲಿ. ಅವರ ಜೊತೆಗೆ ಯಾರಾದರೊಬ್ಬರು ಇರಲಿ.

ಬೆಟ್ಟ ಇಳಿದ ಮೇಲೆ ಬೆಳಗಿನ ಉಪಾಹಾರ. ಅದನ್ನು ಮುಗಿಸಿ ಲಿಂಗಸುಗೂರಿನ ದಾರಿ ಹಿಡಿಯುವುದು. ಇಂದು ತಾಲ್ಲೂಕು ಕೇಂದ್ರವಾಗಿರುವ ಈ ಊರು ನಿಜಾಮರ ಕಾಲದಲ್ಲಿ ೧೯೦೫ರವರೆಗೆ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಅದಕ್ಕೂ ಮೊದಲು ಇಲ್ಲಿ ದಂಡಿನ ಠಾಣ್ಯವಿತ್ತು. ಇದೇ ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನವನ್ನು ತೆಗೆಯುತ್ತಾರೆ. ೨೦೦೧ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲಂತೂ ನಾಡಿನ ಚಿನ್ನದ ಹೆಸರೆಲ್ಲ ಹಟ್ಟಿಯದೇ ಆಯಿತು. ಮುದಗಲ್ಲಿನ ಕೋಟೆ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ ಇವೂ ಈ ತಾಲ್ಲೂಕಿನವೇ. ಆದರೆ ಇವನ್ನೆಲ್ಲ ಒಂದೇ ದಿನದಲ್ಲಿ ನೋಡಿಬಿಡುವ ಆಸೆ ಬೇಡ. ಬುತ್ತಿಗೆ ಹೇಗೋ ಹಾಗೆ ಊರುಗಳ ಲೆಕ್ಕಕ್ಕೂ ಒಂದು ಅಳತೆ ಬೇಕು. ಜಲದುರ್ಗಕ್ಕೆ ಹೋಗುವವರು ಇನ್ನೊಂದು ದಿನವನ್ನು ಇಟ್ಟುಕೊಳ್ಳಲಿ, ಮತ್ತು ಮಕ್ಕಳನ್ನು ಹೊಳೆಗೆ ಇಳಿಸದಿರಲಿ. ಕೃಷ್ಣೆಯಲ್ಲಿ ಮಡುಗಳಿವೆ, ಮೊಸಳೆಗಳೂ ಇವೆ. ಮೇಲ್ಗಡೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ. ಸಿಂಧನೂರಿನ ಕಡೆಯ ಕಾಲುವೆಗಳ ಮಾತೂ ಹೀಗೆಯೇ. ದಡ ಇಳಿಜಾರು, ಕಲ್ಲಿನ ಮೇಲೆ ಪಾಚಿ. ಒಮ್ಮೆ ಜಾರಿದವನಿಗೆ ಹಿಡಿದುಕೊಳ್ಳಲು ಏನೂ ಸಿಕ್ಕುವುದಿಲ್ಲ. ನೀರು ಕಂಡೊಡನೆ ಕಾಲು ಇಳಿಬಿಡುವ ಚಪಲವನ್ನು ದೊಡ್ಡವರೇ ಮೊದಲು ಬಿಡಬೇಕು.

ನಮ್ಮ ಮಧ್ಯಾಹ್ನದ ತಾಣ ಗುರುಗುಂಟಾ ಸಮೀಪದ ಅಮರೇಶ್ವರ. ಲಿಂಗಸುಗೂರಿನಿಂದ ಸುರಪುರದ ಕಡೆಯ ದಾರಿಯಲ್ಲಿ ಹೋಗಬೇಕು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ಶರಣ ದಂಪತಿಗಳು ಈ ಅಮರೇಶ್ವರದವರು. ಲಕ್ಕಮ್ಮನ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗನ ಹೆಸರಿದೆ. ಇವರು ಕಲ್ಯಾಣಕ್ಕೆ ಹೋಗಿ ನೆಲೆಸಿದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹವನ್ನು ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಲಕ್ಕಮ್ಮ ಅದನ್ನು ಕಂಡೊಡನೆ, ಇದು ನಮ್ಮ ಕಾಯಕದ ಅಳತೆಯಲ್ಲ, ಮಿಕ್ಕುದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ಅಡಿಗೆಮನೆಯಲ್ಲಿ ಬುತ್ತಿ ಕಟ್ಟುವಾಗ ನೆನೆಯುವುದಿಲ್ಲ. ಲಕ್ಕಮ್ಮನ ಆ ಅಳತೆಯನ್ನೇ ಮುಂದಿಟ್ಟುಕೊಂಡು ಈಗ ಬುತ್ತಿಯನ್ನು ಕಟ್ಟೋಣ.

ಎಂಟು ಜನರ ಕುಟುಂಬವೆಂದು ತಿಳಿಯಿರಿ. ಮೊದಲು ನೀರು. ಬೇಸಿಗೆಯ ದಿನ ತಲೆಗೆ ಮೂರು ಲೀಟರಿನಂತೆ ಕುಡಿಯಲು ಇಪ್ಪತ್ನಾಲ್ಕು ಲೀಟರು, ಕೈ ತೊಳೆಯಲು, ಮುಖಕ್ಕೆ ಚಿಮುಕಿಸಲು ಆರು ಲೀಟರು, ಒಟ್ಟು ಮೂವತ್ತು. ದಾರಿಯಲ್ಲಿ ಸಿಕ್ಕೀತೆಂಬ ನಂಬಿಕೆ ಬೇಡ. ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿ ಇಟ್ಟರೆ ನೀರು ತಣ್ಣಗಿರುತ್ತದೆ. ಬಟ್ಟೆಯ ತೇವವು ಆರುತ್ತ ಒಳಗಿನ ಕಾವನ್ನು ಹೀರಿಕೊಂಡು ಹೋಗುತ್ತದೆ. ಗಾಡಿಯ ಕುಲುಕಾಟಕ್ಕೆ ಹೂಜಿ ಒಡೆಯುವ ಭಯವಿರುವವರು ಸ್ಟೀಲಿನ ಕ್ಯಾನಿಗೂ ಹೀಗೆಯೇ ಬಟ್ಟೆ ಸುತ್ತಬಹುದು. ಇದರ ಜೊತೆಗೆ ನೀರು ಮಜ್ಜಿಗೆ, ಬೆಲ್ಲದ ಪಾನಕ, ನಿಂಬೆಹಣ್ಣು, ಉಪ್ಪು, ಸಕ್ಕರೆ ಇರಲಿ.

ಇನ್ನು ಅನ್ನದ ಮಾತು. ನಮ್ಮ ಸೀಮೆಯ ಅಡಿಗೆಯು ಬಿಸಿಲನ್ನು ಚೆನ್ನಾಗಿ ಅರಿತ ಅಡಿಗೆ. ಜೋಳದ ಖಡಕ್ ರೊಟ್ಟಿಯಲ್ಲಿ ನೀರಿನಂಶವೇ ಇಲ್ಲದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ಎರಡು ದಿನ ಮುಂಚೆಯೇ ಮಾಡಿಟ್ಟುಕೊಳ್ಳಬಹುದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಇವು ಒಣಪುಡಿಗಳಾದ್ದರಿಂದ ನಿರ್ಭಯವಾಗಿ ಒಯ್ಯಬಹುದು. ಹಸಿಕೊಬ್ಬರಿಯ ಚಟ್ನಿಯನ್ನು ಮಾತ್ರ ಬೇಸಿಗೆಯಲ್ಲಿ ಮನೆಯಲ್ಲಿಯೇ ಬಿಡಿ. ಪಲ್ಲೆಗಳಲ್ಲಿ ಪುಂಡಿಪಲ್ಲೆಗೆ ಅದರ ಹುಳಿಯೇ ಕಾವಲು. ಎಣ್ಣೆಗಾಯಿಯನ್ನು ನೀರು ಹಾಕದೆ ಎಣ್ಣೆಯಲ್ಲಿಯೇ ಬೇಯಿಸಿದರೆ ಮಧ್ಯಾಹ್ನದವರೆಗೆ ಬಾಳುತ್ತದೆ. ಅನ್ನ ಬೇಕೆನ್ನುವವರಿಗೆ ಹುಣಿಸೆಯ ಹುಳಿಯನ್ನವು ಬಿಳಿಯ ಅನ್ನಕ್ಕಿಂತ ಮೇಲು. ಮೊಸರನ್ನಕ್ಕೆ ಮೊಸರನ್ನು ಕಲಸುವ ಬದಲು, ಆರಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹಾಕಿ ಒಂದು ಚಮಚ ಮೊಸರು ಬೆರೆಸಿ. ಉಣ್ಣುವ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುತ್ತದೆ. ಬೆಳಗಿನ ಅನ್ನವನ್ನು ಬಿಸಿಯಿದ್ದಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ ಅದು ಬೆವತು ಬೇಗ ಹಳಸುತ್ತದೆ. ಹಳಸಿತೆಂಬ ಸಂಶಯ ಬಂದರೂ ಸಾಕು, ಮಕ್ಕಳಿಗೆ ಕೊಡಬಾರದು. ಸಿಹಿಗೆ ಹೂರಣದ ಹೋಳಿಗೆಗಿಂತ ಶೇಂಗಾ ಹೋಳಿಗೆಯೇ ಒಳ್ಳೆಯದು. ನಾಲ್ಕು ದಿನವಾದರೂ ಅದಕ್ಕೆ ಏನೂ ಆಗುವುದಿಲ್ಲ. ಸೌತೆಕಾಯಿ, ಉಳ್ಳಾಗಡ್ಡಿಗಳನ್ನು ಅಲ್ಲಿಯೇ ಹೆಚ್ಚಿಕೊಳ್ಳಿ. ಕಲ್ಲಂಗಡಿಯನ್ನು ಇಡಿಯಾಗಿಯೇ ಒಯ್ಯಿರಿ. ಕೊಯ್ದ ಹೋಳಿಗೆ ನೊಣ ಮುತ್ತುತ್ತದೆ.

ಎಷ್ಟು ಒಯ್ಯಬೇಕು? ತಲೆಗೆ ನಾಲ್ಕರಂತೆ ಮೂವತ್ತೆರಡು ರೊಟ್ಟಿ, ಮೇಲೆ ನಾಲ್ಕು. ಈ ಮೇಲಿನ ನಾಲ್ಕು ಯಾರಿಗೆಂದು ಸೊಸೆಯಂದಿರು ಕೇಳುತ್ತಾರೆ. ಉಣ್ಣುವಾಗ ಹತ್ತಿರದಲ್ಲಿ ಕುರಿ ಕಾಯುವವನಿದ್ದಾನು, ಗಾಡಿಯ ಚಾಲಕನಿದ್ದಾನೆ, ದಾರಿಹೋಕನೊಬ್ಬ ಬಂದಾನು. “ಬಾರಪ್ಪಾ, ಒಂದು ರೊಟ್ಟಿ ಉಂಡು ಹೋಗು” ಎಂದು ಕರೆಯದೆ ನಾವು ಮಾತ್ರ ಉಂಡು ಏಳುವುದು ಬಸವಣ್ಣನ ನಾಡಿನ ಪದ್ಧತಿಯಲ್ಲ. ಲಕ್ಕಮ್ಮ ಹಿಂದಿರುಗಿಸಿದ್ದು ಆಸೆಯಿಂದ ಬಂದ ಹೆಚ್ಚಳವನ್ನು. ದಾಸೋಹದ ಪಾಲು ಅವಳ ಅಳತೆಯ ಒಳಗೇ ಇತ್ತು. ಇಂದಿನ ಪ್ರವಾಸಗಳಲ್ಲಿ ನಾನು ಕಾಣುವುದು ಇದಕ್ಕೆ ತೀರ ವಿಪರೀತವಾದದ್ದು. ಹತ್ತು ಬಗೆಯ ಖಾದ್ಯ, ಅಂಗಡಿಯ ಪೊಟ್ಟಣಗಳು, ಬಾಟಲಿಗಳು. ಅರ್ಧ ತಿಂದು ಅರ್ಧ ಚೆಲ್ಲಿ ಬರುವುದು. ಪಕ್ಕದಲ್ಲಿ ನಿಂತ ಬಡ ಹುಡುಗನ ಕಡೆಗೆ ನೋಡದಿರುವುದು. ಚೆಲ್ಲಿದ ಅಕ್ಕಿಯನ್ನು ಆಯ್ದ ದಂಪತಿಗಳ ಊರಿನಲ್ಲಿ ಕುಳಿತು ಅನ್ನವನ್ನು ಚೆಲ್ಲಿ ಬರುವುದಕ್ಕಿಂತ ಅಲ್ಲಿಗೆ ಹೋಗದಿರುವುದೇ ಲೇಸು.

ಇನ್ನೊಂದು ಮಾತನ್ನು ಮನೆಯ ಯಜಮಾನರಿಗೆ ಹೇಳಬೇಕಾಗಿದೆ. ಐದಕ್ಕೆ ಹೊರಡಬೇಕಾದರೆ ಹೆಣ್ಣುಮಕ್ಕಳು ಮೂರಕ್ಕೆ ಏಳುತ್ತಾರೆ. ರೊಟ್ಟಿ ಬಡಿಯುವವರು ಅವರು, ಡಬ್ಬಿ ತುಂಬುವವರು ಅವರು, ಅಲ್ಲಿ ಹೋಗಿ ಬಡಿಸುವವರೂ ಅವರೇ, ರಾತ್ರಿ ಬಂದು ಪಾತ್ರೆ ತೊಳೆಯುವವರೂ ಅವರೇ. ಮಿಕ್ಕವರು ಮರದ ಕೆಳಗೆ ಒರಗಿಕೊಂಡು ಊಟ ಚೆನ್ನಾಗಿತ್ತೆಂದು ಹೇಳುತ್ತಾರೆ. ಮನೆಯ ಅರ್ಧ ಜನಕ್ಕೆ ದುಡಿಮೆಯು ಇಮ್ಮಡಿಯಾದರೆ ಅದನ್ನು ವಿಹಾರವೆಂದು ಹೇಗೆ ಕರೆಯುವುದು? ಗಂಡನ ಕಾಯಕದ ತಪ್ಪನ್ನು ಎತ್ತಿ ತೋರಿಸುವ ಅಧಿಕಾರ ಲಕ್ಕಮ್ಮನಿಗೆ ಇದ್ದಿತು, ಅದನ್ನು ಕೇಳಿ ನಡೆಯುವ ವಿನಯ ಮಾರಯ್ಯನಿಗೆ ಇದ್ದಿತು. ಆದ್ದರಿಂದ ಕೆಲಸವನ್ನು ಹಿಂದಿನ ದಿನವೇ ಹಂಚಿಕೊಳ್ಳಿ. ನೀರು ತುಂಬುವುದು, ಹೊರುವುದು ಗಂಡಸರಿಗಿರಲಿ. ಎಲೆ ಹಾಕುವುದು, ಬಡಿಸುವುದು ದೊಡ್ಡ ಹುಡುಗರಿಗಿರಲಿ. ಹಾಸಿಗೆ ಚಾಪೆ, ಬೀಸಣಿಗೆ, ಟೋಪಿ, ಛತ್ರಿಗಳ ಲೆಕ್ಕ ಚಿಕ್ಕ ಮಕ್ಕಳಿಗಿರಲಿ. ಅಮರೇಶ್ವರದಲ್ಲಿ ಊಟವಾದ ಮೇಲೆ ಪಾತ್ರೆ ಗಲಬರಿಸುವ ಸರದಿ ಉಂಡವರೆಲ್ಲರದಾಗಲಿ, ತಾಯಂದಿರು ಒಂದು ಗಳಿಗೆ ಕಾಲು ಚಾಚಿ ಮಲಗಲಿ.

ಎಲೆಗೆ ಮುತ್ತುಗದ ಪತ್ರಾವಳಿ ಉತ್ತಮ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ೨೦೨೨ರ ಜುಲೈ ೧ರಿಂದ ದೇಶದಲ್ಲಿಯೇ ನಿಷೇಧವಿದೆ. ಹೋಗುವಾಗ ಒಂದು ಖಾಲಿ ಚೀಲವನ್ನು ತಪ್ಪದೆ ಇಟ್ಟುಕೊಳ್ಳಿ. ಉಂಡ ಎಲೆ, ಸಿಪ್ಪೆ, ಕಾಗದ ಎಲ್ಲವೂ ಅದರಲ್ಲಿ ತುಂಬಿ ಹಿಂದಕ್ಕೆ ಬರಬೇಕು. ದೇವಸ್ಥಾನದ ಪ್ರಾಂಗಣದಲ್ಲಿ ಉಣ್ಣುವುದಾದರೆ ಅಲ್ಲಿಯವರನ್ನು ಕೇಳಿಯೇ ಕುಳಿತುಕೊಳ್ಳಬೇಕು.

ಬಿಸಿಲಿನ ಅಪಾಯವನ್ನು ಹಗುರಾಗಿ ಎಣಿಸಬೇಡಿ. ವೃದ್ಧರು, ಹಸುಗೂಸುಗಳು, ಬಸುರಿಯರು, ಹೃದಯದ ಹಾಗೂ ರಕ್ತದೊತ್ತಡದ ಔಷಧಿ ತೆಗೆದುಕೊಳ್ಳುವವರು ಬೇಗ ಬಳಲುತ್ತಾರೆ. ತಲೆಸುತ್ತು, ವಾಕರಿಕೆ, ಸ್ನಾಯುಗಳ ಸೆಳೆತ ಕಂಡರೆ ನೆರಳಿಗೆ ಕರೆತಂದು, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ. ಮೈ ಕಾದ ಹೆಂಚಿನಂತಾಗಿ ಮಾತು ತೊದಲಿದರೆ, ಪ್ರಜ್ಞೆ ಮಸುಕಾದರೆ ಅದು ಬಿಸಿಲಿನ ಹೊಡೆತ. ಆಗ ಬಾಯಿಗೆ ಏನನ್ನೂ ಹಾಕದೆ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ, ೧೦೮ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅದಕ್ಕಾಗಿಯೇ ಆ ಆರು ಲೀಟರನ್ನು ಕಡೆಯವರೆಗೂ ಉಳಿಸಿಕೊಂಡಿರಬೇಕು. ಬೇಸಿಗೆಯಲ್ಲಿ ಅನ್ನ ಮಿಕ್ಕರೆ ಕಷ್ಟ, ನೀರು ಮಿಕ್ಕರೆ ಸುಖ.

ನಾಲ್ಕರ ಮೇಲೆ ಬಿಸಿಲು ಇಳಿದಾಗ ಹೊರಟರೆ ದೀಪ ಹಚ್ಚುವ ಹೊತ್ತಿನ ಸುಮಾರಿಗೆ ಸಿಂಧನೂರನ್ನು ಸೇರಬಹುದು. ದೂರದ ಊರಿನವರು ತಮ್ಮ ತಮ್ಮ ಸೀಮೆಯ ಬೆಟ್ಟ, ಕೆರೆ, ಶರಣರ ತಾಣಗಳನ್ನು ಈ ಲೆಕ್ಕದಲ್ಲಿಯೇ ಇಟ್ಟುಕೊಂಡು ಹೊರಡಬಹುದು. ಬಸವ ಜಯಂತಿಯ ಆಸುಪಾಸಿನ ರಜೆಯಲ್ಲಿ ಒಂದು ದಿನವನ್ನು ಇದಕ್ಕೆಂದು ತೆಗೆದಿಡಿ. ಹಿಂದಿನ ರಾತ್ರಿ ಬುತ್ತಿಯ ಮುಂದೆ ಕುಳಿತು, ಹೋಗುವವರೆಷ್ಟು, ನೀರೆಷ್ಟು, ರೊಟ್ಟಿ ಎಷ್ಟು, ಯಾರಿಗೆ ಯಾವ ಕೆಲಸ ಎಂದು ಮಕ್ಕಳಿಂದಲೇ ಒಂದು ಚೀಟಿಯಲ್ಲಿ ಬರೆಯಿಸಿ. ಕೊನೆಯ ಸಾಲಿನಲ್ಲಿ ಆ ನಾಲ್ಕು ರೊಟ್ಟಿಗಳನ್ನು ಬರೆಯಿಸಲು ಮರೆಯಬೇಡಿ.